ಒಂದು ಹಾರಾಟಕ್ಕೆ ಒಂದು ಪ್ರಶ್ನೆ

“ಮೂರಲ್ಲ, ನಾಲ್ಕು ಜೊತೆ. ಇನ್ನೊಂದು ನನ್ನ ಕಾಲಲ್ಲಿದೆ.”

ಕಾಲುಚೀಲ ಎಣಿಸುತ್ತಿದ್ದ ನಾನು ತಲೆ ಎತ್ತಿದೆ. ತಗಡಿನ ಬ್ಯಾರಕ್ಕಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಮೊಣಕಾಲುದ್ದ ಕೆಸರು, ಕೆದರಿದ ಕೂದಲು, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ನನ್ನ ತೊಡೆಯ ಮೇಲಿದ್ದ ಫೋಟೋದಲ್ಲಿ ತನ್ನ ಅಮ್ಮನ ಹೆಗಲಿಗೆ ಕೈಹಾಕಿ ನಗುತ್ತಿದ್ದವನೂ ಇವನೇ. ಸಾರ್ಜೆಂಟ್ ಕ್ಲಿಫ್ ಆರ್ಮಿಟೇಜ್, ವೈರ್‌ಲೆಸ್ ಆಪರೇಟರ್, ‘ಜೆ’ ಅಕ್ಷರದ ಲ್ಯಾಂಕಾಸ್ಟರ್ ಬಾಂಬರ್ ವಿಮಾನ, ನಿನ್ನೆಯಿಂದ ನಾಪತ್ತೆ. ಅವನ ಸಾಮಾನಿನ ಪಟ್ಟಿಯ ತಲೆಯಲ್ಲಿ ಹಾಗೆಂದು ಬರೆದ ಶಾಯಿ ಇನ್ನೂ ಆರಿರಲಿಲ್ಲ.

ನಾನು ಚೀರಲಿಲ್ಲ. ಚೀರುವ ಹುಡುಗಿ ನಾನಲ್ಲ.

“ನೀವು ಹೋಗಿದ್ದೀರಲ್ಲ,” ಅಂದೆ.

“ಹೋಗಿದ್ದೆ. ಈಗ ಬಂದೆ.” ಅವನು ನಗುತ್ತಲೇ ಒಳಗೆ ಬಂದ. ಆಮೇಲೆ ಅವನ ಕಣ್ಣು ಮಂಚದ ಮೇಲೆ ಬಿತ್ತು. ಬರಿದಾದ ದಿಂಬು, ಮಡಚಿಟ್ಟ ಕಂಬಳಿ, ಸಾಲಾಗಿ ಜೋಡಿಸಿದ್ದ ಶೇವಿಂಗ್ ಬ್ರಷ್ಷು, ಬಾಚಣಿಗೆ, ಪೋಸ್ಟ್ ಆಗದ ಒಂದು ಕಾಗದ. ಅವನ ಮುಖದ ಬಣ್ಣ ಇಳಿದುಹೋಯಿತು. ಬ್ರೆಡ್ಡು ಹಿಡಿದ ಕೈ ಅಲ್ಲೇ ನಿಂತಿತು.

“ಮಂಜು ಕವಿದಿತ್ತು ಅಂತ ನಮ್ಮನ್ನ ಬೇರೆ ಏರ್‌ಫೀಲ್ಡಲ್ಲಿ ಇಳಿಸಿದ್ರು,” ಅಂದ ಮೆಲ್ಲಗೆ. “ಫೋನ್ ಮಾಡ್ತೀವಿ ಅಂದಿದ್ರು.”

“ಫೋನ್ ಬರಲಿಲ್ಲ.”

ಅಷ್ಟರಲ್ಲಿ ಉಳಿದ ಆರು ಜನ ಗಲಾಟೆ ಮಾಡುತ್ತಾ ನುಗ್ಗಿದರು. ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿಯುವ ಪರ್ಕಿಸ್, ಐದಡಿ ಎತ್ತರದ ಆಸಾಮಿ, ನೇರವಾಗಿ ತನ್ನ ಮಂಚಕ್ಕೆ ಓಡಿ ನೋಡಿದ. “ನಂದು ಇನ್ನೂ ಮುಟ್ಟಿಲ್ಲ ಕಣ್ರೋ. ನಾನು ಬದುಕಿದೀನಿ. ಕ್ಲಿಫ್ ಒಬ್ಬನೇ ಹೋಗಿರೋದು.”

ಎಲ್ಲರೂ ನಕ್ಕರು. ಕ್ಲಿಫ್ ಕೂಡ ನಕ್ಕ. ಆದರೆ ಅವನು ನೋಡುತ್ತಿದ್ದದ್ದು ನನ್ನ ಕೈಯನ್ನು. ಅದು ಆ ಕಾಲುಚೀಲವನ್ನು ಬಿಡದೆ ಹಿಡಿದುಕೊಂಡಿತ್ತು.

ಅದು 1943ರ ನವೆಂಬರ್, ಇಂಗ್ಲೆಂಡ್. ಲಿಂಕನ್‌ಶೈರಿನ ಬಯಲಿನಲ್ಲಿ ಥಾರ್ಸ್ಬಿ ಎಂಬ ಬಾಂಬರ್ ನೆಲೆ. ವಾಯುಪಡೆಯ ಮಹಿಳಾ ದಳದಲ್ಲಿ ಕಾರ್ಪೊರಲ್ ಆಗಿದ್ದ ನನ್ನ ಕೆಲಸ ಯಾರಿಗೂ ಬೇಡದ ಕೆಲಸ. ರಾತ್ರಿ ಹಾರಿದ ವಿಮಾನ ಬೆಳಿಗ್ಗೆ ಬರದಿದ್ದರೆ ಅದರ ಏಳೂ ಜನರ ಸಾಮಾನನ್ನು ಮಧ್ಯಾಹ್ನದೊಳಗೆ ಖಾಲಿ ಮಾಡಬೇಕು. ಸಂಜೆಗೆ ಹೊಸಬರು ಅದೇ ಮಂಚಕ್ಕೆ ಬರುತ್ತಾರೆ. ಸರ್ಕಾರದ್ದು ಸರ್ಕಾರಕ್ಕೆ, ಸ್ವಂತದ್ದು ಮನೆಗೆ. ಮನೆಯವರು ನೋಡಬಾರದ್ದು ನಮ್ಮ ಆಫೀಸಿನ ಒಲೆಗೆ. ಒಬ್ಬನ ಪೆಟ್ಟಿಗೆಯಲ್ಲಿ ಒಮ್ಮೆ ಮೂವರು ಹುಡುಗಿಯರ ಪತ್ರಗಳಿದ್ದವು, ಮೂವರಿಗೂ ಅವನು ಒಂದೇ ಉಂಗುರದ ಆಸೆ ತೋರಿಸಿದ್ದ. ಅಂಥದ್ದನ್ನೆಲ್ಲಾ ತೆಗೆದುಬಿಡುತ್ತಿದ್ದೆವು. ಮಗನನ್ನು ಕಳೆದುಕೊಂಡ ತಾಯಿಗೆ ಇನ್ನೊಂದು ಪೆಟ್ಟು ಬೇಡ ಅನ್ನುವುದು ನಮ್ಮ ಮುಖ್ಯಸ್ಥರು ಪಿಮ್ ಅವರ ನಿಯಮ. ಹಿಂದಿನ ಯುದ್ಧದಲ್ಲಿ ಒಂದು ಕಿವಿ ಕಿವುಡಾಗಿ ಬಂದ ಮುದುಕರು, ಒಳ್ಳೆಯವರು.

ಹುಡುಗರು ನನಗೆ ‘ಸಾವಿನ ಗುಮಾಸ್ತೆ’ ಅಂತ ಹೆಸರಿಟ್ಟಿದ್ದರು. ಕ್ಯಾಂಟೀನಿನಲ್ಲಿ ನನ್ನ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಹಾರುವ ದಿನ ನಾನು ಸೈಕಲ್ಲಿನಲ್ಲಿ ಎದುರಾದರೆ ಗಂಡಸರು ಹಾದಿ ಬಿಟ್ಟು ಹುಲ್ಲಿಗಿಳಿಯುತ್ತಿದ್ದರು. ನನಗೆ ಬೇಜಾರಾಗುತ್ತಿರಲಿಲ್ಲ ಅಂತ ಹೇಳಿಕೊಳ್ಳುತ್ತಿದ್ದೆ. ಆಗುತ್ತಿತ್ತು.

ಮಾರನೆಯ ದಿನ ಆಫೀಸಿನ ಕಿಟಕಿಗೆ ಯಾರೋ ತಟ್ಟಿದರು. ಕ್ಲಿಫ್. ಸ್ನಾನ ಮಾಡಿ ತಲೆ ಬಾಚಿಕೊಂಡಿದ್ದ.

“ಕಾರ್ಪೊರಲ್, ಒಂದು ವಿಷಯ ಕೇಳ್ಬೇಕಿತ್ತು. ನನ್ನ ಕಾಗದ ಓದಿದ್ರಾ?”

“ಓದಲೇಬೇಕು. ನಿಯಮ.”

“ಎಲ್ಲಾನೂ?”

“ಎಲ್ಲಾನೂ.”

ಅವನ ಕಿವಿ ಕೆಂಪಾದವು. “ಅಮ್ಮ ಒಳಚಡ್ಡಿ ಬಗ್ಗೆ ಬರೆದಿದ್ದೂ?”

“ಉಣ್ಣೆದು ಹಾಕ್ಕೋ ಅಂತ ಬರೆದಿದಾರೆ. ಸರಿಯಾಗೇ ಹೇಳಿದಾರೆ. ನಿಮ್ಮ ಡ್ರಾಯರಲ್ಲಿರೋದರ ಮಡಿಕೆಯನ್ನೇ ಒಂದ್ಸಲಾನೂ ಬಿಚ್ಚಿಲ್ಲ.”

ಅವನು ಕಿಟಕಿಯ ಚೌಕಟ್ಟಿಗೆ ಹಣೆಯಿಟ್ಟು ನಕ್ಕ. ಅವನು ನಗುವಾಗ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು. ನಾನು ಅದನ್ನು ಗಮನಿಸಿದೆ, ಗಮನಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟಾದೆ.

“ಇದು ನ್ಯಾಯ ಅಲ್ಲ,” ಅಂದ. “ನಿಮಗೆ ನನ್ನ ಬಗ್ಗೆ ಎಲ್ಲಾ ಗೊತ್ತು, ನಂಗೆ ನಿಮ್ಮ ಹೆಸರೂ ಗೊತ್ತಿಲ್ಲ. ಒಂದು ಒಪ್ಪಂದ ಮಾಡ್ಕೊಳ್ಳೋಣ. ನಾನು ಒಂದು ಟ್ರಿಪ್ ಹೋಗಿ ವಾಪಸ್ ಬಂದ್ರೆ ಒಂದು ಪ್ರಶ್ನೆ. ನೀವು ಉತ್ತರ ಕೊಡ್ಬೇಕು.”

“ನಾನ್ಯಾಕೆ ಕೊಡ್ಬೇಕು?”

“ಬದುಕಿರೋನ ಹಾಸಿಗೆ ಮಡಚಿದ್ದಕ್ಕೆ.”

“ಎನಿಡ್ ಸ್ಟಬ್ಸ್,” ಅಂದು ಕಿಟಕಿ ಮುಚ್ಚಿದೆ. ಮಂಜಿನಿಂದ ಬೇರೆಡೆ ಇಳಿದು ಬಂದದ್ದು ಅವನ ಆರನೆಯ ಹಾರಾಟ. ಮೂವತ್ತು ಮುಗಿಸಿದವರಿಗೆ ಆರು ತಿಂಗಳು ಬಿಡುವು, ಆ ಹೊತ್ತಿನಲ್ಲಿ ಯಾರನ್ನೂ ಜರ್ಮನಿಯ ಮೇಲೆ ಕಳಿಸುವುದಿಲ್ಲ. ಮೂವತ್ತು ಮುಟ್ಟಿದ ಒಬ್ಬನನ್ನೂ ನಾನು ಆ ಚಳಿಗಾಲದಲ್ಲಿ ನೋಡಿರಲಿಲ್ಲ.

ಏಳನೆಯ ಹಾರಾಟದ ನಂತರ ಬಂದು ಊರು ಯಾವುದೆಂದು ಕೇಳಿದ. ನಾರಿಚ್, ಅಪ್ಪನದು ಬಟ್ಟೆ ಅಂಗಡಿ, ಅದಕ್ಕೇ ಮಡಚುವುದು ಚೆನ್ನಾಗಿ ಬರುತ್ತದೆ ಅಂದೆ. ಒಂಬತ್ತನೆಯದಕ್ಕೆ ನನಗೆ ಯಾವ ಕೇಕ್ ಇಷ್ಟ ಅಂದ. ಹತ್ತನೆಯದಕ್ಕೆ ಬಂದು, ಕೇಳುವುದಕ್ಕೇ ಆಗದೆ, ಕಿಟಕಿಯ ಹೊರಗೆ ಸುಮ್ಮನೆ ನಿಂತ. ನಾನು ಒಳಗಿನಿಂದ ಟೀ ಲೋಟ ದಾಟಿಸಿದೆ. ಅವನು ಕುಡಿದ, ಲೋಟ ಕೊಟ್ಟ, ಹೋದ.

“ಇವತ್ತಿನ ಪ್ರಶ್ನೆ ಸಾಲ ಇರ್ಲಿ,” ಅಂತ ಹತ್ತು ಹೆಜ್ಜೆ ಹೋದಮೇಲೆ ತಿರುಗಿ ಹೇಳಿದ.

ಪಿಮ್ ಅವರು ಕೇಳಿಸುವ ಕಿವಿಯನ್ನು ನನ್ನ ಕಡೆಗೇ ತಿರುಗಿಸಿಕೊಂಡು ಕಡತ ನೋಡುತ್ತಿದ್ದರು. “ಕಾರ್ಪೊರಲ್, ಆ ಹುಡುಗ ಹವಾಮಾನ ಕೇಳೋಕೆ ಬಂದಿದ್ನಾ?”

“ಹೌದು ಸರ್.”

“ಹವಾಮಾನದ ಆಫೀಸು ಆ ಕಡೆ ಇದೆ.”

“ಹೇಳಿದೀನಿ ಸರ್. ಮತ್ತೆ ಮತ್ತೆ ದಾರಿ ತಪ್ತಾನೆ.”

ಜನವರಿಯಲ್ಲಿ ಒಂದು ಶನಿವಾರ ನಮ್ಮಿಬ್ಬರಿಗೂ ರಜೆ ಸಿಕ್ಕಿತು. ಲಿಂಕನ್ ಪಟ್ಟಣಕ್ಕೆ ಬಸ್ಸಿನಲ್ಲಿ ಹೋಗಿ, ಗುಡ್ಡ ಹತ್ತಿ, ಚರ್ಚಿನ ಕೆಳಗಿನ ಒಂದು ಸಣ್ಣ ಟೀ ಅಂಗಡಿಯಲ್ಲಿ ಕುಳಿತೆವು. ಒಂದೇ ಬನ್ನು ಉಳಿದಿತ್ತು. ಅವನು ಅದನ್ನು ಎರಡು ಮಾಡಿ, ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ದೊಡ್ಡದನ್ನು ನನ್ನ ತಟ್ಟೆಗಿಟ್ಟ. ನಾನು ಅವನು ನೋಡದಾಗ ಬದಲಾಯಿಸಿದೆ. ಅವನು ನೋಡಿದ್ದ.

“ನಿನ್ನೆದು ಹದಿನೇಳನೇದು,” ಅಂದ. “ಪ್ರಶ್ನೆ. ಹುಡುಗನಲ್ಲಿ ನೀನು ಮೊದಲು ಏನು ನೋಡ್ತೀಯ?”

ಅವತ್ತೇ ಮೊದಲ ಬಾರಿಗೆ ‘ನೀನು’ ಅಂದದ್ದು. ಅದು ತಾನೇ ತಾನಾಗಿ ಬಂತು, ಇಬ್ಬರೂ ಕೇಳಿಸದ ಹಾಗೆ ಇದ್ದೆವು.

“ಕಾಲುಚೀಲ.”

“ತಮಾಷೆ ಬೇಡ.”

“ತಮಾಷೆ ಅಲ್ಲ. ಇನ್ನೂರು ಜನರ ಕಾಲುಚೀಲ ನೋಡಿದೀನಿ. ತೂತು ಬಿದ್ದಿದ್ದನ್ನ ತಾವೇ ಹೊಲ್ಕೊಂಡಿರ್ತಾರಲ್ಲ, ಅವರು ಒಳ್ಳೆಯವರು.”

“ನಂದು?”

“ಕೆಂಪು ದಾರದಲ್ಲಿ ನೀನೇ ಹೊಲ್ಕೊಂಡಿದ್ದೆ. ತುಂಬ ಕೆಟ್ಟದಾಗಿ.”

ಅವನು ತಟ್ಟೆ ನೋಡುತ್ತಾ, ಕಿವಿಯವರೆಗೂ ನಾಚಿ, ಬನ್ನಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತಿಂದ. ಅವನ ರೆಪ್ಪೆ ಹುಡುಗಿಯರ ರೆಪ್ಪೆಯಷ್ಟು ಉದ್ದ. ಸ್ವಲ್ಪ ಹೊತ್ತಿಗೆ ಅದನ್ನೆತ್ತಿ ಒಮ್ಮೆ ನೋಡಿದ, ಅಷ್ಟೇ. ನಾನು ಆ ಅಂಗಡಿಗೆ ಬಂದ ಹುಡುಗಿಯಾಗಿ ಹೊರಗೆ ಹೋಗಲಿಲ್ಲ.

ಫೆಬ್ರವರಿಯಲ್ಲಿ, ಇಪ್ಪತ್ತೆರಡನೆಯದಾದ ಮೇಲೆ, ಸೈಕಲ್ ಶೆಡ್ಡಿನ ಹತ್ತಿರ ಸಿಕ್ಕಿದ. ಆಲಿಕಲ್ಲು ಬೀಳುತ್ತಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

“ಪ್ರಶ್ನೆ,” ಅಂದ. “ನನ್ನ ಮದುವೆ ಆಗ್ತೀಯಾ ಎನಿಡ್?”

ನಾನು ಸೈಕಲ್ಲಿನ ಗಂಟೆಯನ್ನೇ ನೋಡುತ್ತಾ ನಿಂತೆ.

ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನಗೆ ಹುಚ್ಚೆಂದುಕೊಳ್ಳುತ್ತೀರಿ. ನನ್ನ ಕೆಲಸದಲ್ಲಿ ಪೆಟ್ಟಿಗೆಗಳು ಮಾತಾಡುತ್ತವೆ. ಉಂಗುರ ಕೊಂಡ ರಸೀದಿ, ಚರ್ಚಿನ ತಾರೀಕು ಬರೆದ ಚೀಟಿ, ‘ಹುಡುಗಿ ಒಪ್ಪಿದಳು’ ಅಂತ ಅಣ್ಣನಿಗೆ ಬರೆದು ಕಳಿಸದ ಕಾಗದ. ಮದುವೆ ಗೊತ್ತಾದವರೇ ಹೆಚ್ಚಾಗಿ ನನ್ನ ಕೈಗೆ ಬರುತ್ತಾರೆ ಅಂತ ನನಗೆ ಅನ್ನಿಸಿಬಿಟ್ಟಿತ್ತು. ಇಪ್ಪತ್ತೊಂದು ವರ್ಷದ ಹುಡುಗರ ಪೆಟ್ಟಿಗೆಯಲ್ಲಿ ಇನ್ನೇನಿರುತ್ತದೆ, ಅದು ಕಾಕತಾಳೀಯ ಅಂತ ಪಿಮ್ ಬೈದಿದ್ದರು. ಬುದ್ಧಿಗೆ ಗೊತ್ತಿತ್ತು. ಎದೆ ಕೇಳುತ್ತಿರಲಿಲ್ಲ. ಒಂದು ವಿಮಾನ ನೆಲೆಯಲ್ಲಿ ಎದೆ ಬುದ್ಧಿಯ ಮಾತು ಕೇಳುವುದಿಲ್ಲ. ಅಲ್ಲಿ ಗಂಡಸರು ಹಾರುವ ಮುಂಚೆ ಅದೃಷ್ಟಕ್ಕೆಂದು ವಿಮಾನದ ಚಕ್ರಕ್ಕೆ ಮೂತ್ರ ಮಾಡುತ್ತಿದ್ದರು, ಮರೆತರೆ ಇಳಿದು ಬಂದು ಮಾಡುತ್ತಿದ್ದರು. ಸಾವಿನ ಗುಮಾಸ್ತೆ ‘ಹೂಂ’ ಅಂದರೆ ಅವನು ಹೋಗುತ್ತಾನೆ. ಅಷ್ಟೇ ನನ್ನ ಲೆಕ್ಕ.

“ಮೂವತ್ತು ಮುಗೀಲಿ,” ಅಂದೆ. “ಆಮೇಲೆ ಹೇಳ್ತೀನಿ.”

“ಅಂದ್ರೆ ಇಲ್ಲ ಅಂತಲ್ಲ.”

“ಅಲ್ಲ.”

“ಹೂಂ ಅಂತಾನೂ ಅಲ್ಲ.”

“ಕ್ಲಿಫ್, ಚಳಿ ಆಗ್ತಿದೆ.”

ಅವನು ನನ್ನ ಮುಖವನ್ನು ಓದುವವನ ಹಾಗೆ ನೋಡಿದ. ಆಮೇಲೆ ಅವನ ಕಣ್ಣು ಮುಚ್ಚಿದವು, ನಗು ಬಂತು. “ಸರಿ ಬಿಡು. ಕಣ್ಣು ಹೇಳಿಬಿಡ್ತು. ಬಾಯಿಗೆ ಇನ್ನೆಂಟು ಟ್ರಿಪ್ ರಜೆ.”

“ಕಣ್ಣು ಏನೂ ಹೇಳಿಲ್ಲ.”

“ಹೇಳ್ತು. ನೀನು ಕೇಳಿಸ್ಕೊಂಡಿಲ್ಲ, ಅಷ್ಟೇ.”

ಮುತ್ತು ಕೊಟ್ಟ. ಅವನ ಮೂಗು ಮಂಜುಗಡ್ಡೆಯಾಗಿತ್ತು, ತುಟಿ ಬಿಸಿಯಾಗಿತ್ತು. ಆ ಕ್ಷಣದಲ್ಲಿ ನನಗೆ ಎಷ್ಟು ಸಂತೋಷವಾಯಿತೆಂದರೆ ಭಯವೇ ಆಯಿತು.

ಮಾರ್ಚ್ ಕೊನೆಯಲ್ಲಿ ಇಪ್ಪತ್ತಾರನೆಯದು. ಸಂಜೆ ಊಟಕ್ಕೆ ಮೊಟ್ಟೆ ಕೊಟ್ಟಿದ್ದರು, ಅಂದರೆ ಹಾರಾಟ ಇದೆ ಅಂತ ಎಲ್ಲರಿಗೂ ಗೊತ್ತು. ಇನ್ನೂ ಬೆಳಕಿತ್ತು. ವಿಮಾನಕ್ಕೆ ಒಯ್ಯುವ ಲಾರಿಯಿಂದ ಇಳಿದು ಕ್ಲಿಫ್ ಕಿಟಕಿಗೆ ಬಂದ. ದಪ್ಪ ಹಾರುವ ಬೂಟು, ಕುತ್ತಿಗೆಗೆ ಬಿಳಿ ಸ್ವೆಟರು.

“ನಾಳೆಯ ಪ್ರಶ್ನೆ ರೆಡಿ ಮಾಡಿಟ್ಕೊಂಡಿದೀನಿ,” ಅಂದ.

“ಏನು?”

“ನಾಳೆ.”

“ಸುಳಿವು ಕೊಡು.”

“ಅಡುಗೆಗೆ ಸಂಬಂಧಿಸಿದ್ದು. ನಮ್ಮಮ್ಮ ಕೇಳೇ ಕೇಳ್ತಾಳೆ, ಮೊದ್ಲೇ ತಿಳ್ಕೊಂಡಿರ್ತೀನಿ.”

ಲಾರಿಯಿಂದ ಪರ್ಕಿಸ್ ಕೂಗಿದ. “ಆರ್ಮಿಟೇಜ್, ಬರ್ತೀಯೋ ಇಲ್ಲ ಜರ್ಮನ್ನರನ್ನೇ ಇಲ್ಲಿಗೆ ಕರೆಸ್ಲೋ?”

ಹೂಂ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳುತ್ತಿಲ್ಲ, ಬಾಯಿ ತೆರೆದಿದ್ದೆ. “ಉಣ್ಣೆದು ಹಾಕ್ಕೊಂಡಿದೀಯಾ?” ಅಂತ ಕೇಳಿದೆ.

“ಹಾಕ್ಕೊಂಡಿದೀನಿ, ಕಾರ್ಪೊರಲ್,” ಅಂದು ಸೆಲ್ಯೂಟ್ ಹೊಡೆದು ಓಡಿದ.

ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋದೆ. ಹದಿನಾಲ್ಕು ವಿಮಾನ ಹಾರಿದ್ದವು, ಹನ್ನೊಂದು ಬಂದಿದ್ದವು. ಪಿಮ್ ನನಗಿಂತ ಮುಂಚೆ ಬಂದು ಮೇಜಿನ ಹಿಂದೆ ನಿಂತಿದ್ದರು. ಅವರು ಯಾವತ್ತೂ ನಿಂತಿರುವುದಿಲ್ಲ. ಕಾಗದದಲ್ಲಿ ಮೂರು ಅಕ್ಷರ ಬರೆದಿತ್ತು. ಮೂರನೆಯದು ಜೆ.

“ಫೋನ್ ಬರುತ್ತೆ ಸರ್,” ಅಂದೆ. “ಹೋದ್ಸಲಾನೂ ಹೀಗೇ ಆಗಿತ್ತು. ನಾನು ಅವಸರ ಮಾಡಿದ್ದೆ.”

“ಬರಬಹುದು,” ಅಂದರು ಅವರು.

ಬೇರೆ ಎರಡು ವಿಮಾನದವರ ಹದಿನಾಲ್ಕು ಪೆಟ್ಟಿಗೆ ಮುಗಿಸಿದೆ. ಫೋನು ರಿಂಗಾದಾಗಲೆಲ್ಲಾ ನಾನೇ ಎತ್ತಿದೆ. ಅಂಗಡಿಯವನು, ಸ್ಟೋರಿನವನು, ಬೂಟಿನ ಅಳತೆ ಕೇಳಲು ಇನ್ನೊಬ್ಬ. ಕರಾವಳಿಯ ಒಂದೊಂದು ಏರ್‌ಫೀಲ್ಡಿಗೂ ನಾನೇ ಕರೆ ಮಾಡಿದೆ. ನಿಮ್ಮಲ್ಲಿ ‘ಜೆ’ ಇಳಿದಿದೆಯಾ ಅಂದರೆ, ಇಲ್ಲ ಮೇಡಂ, ಇನ್ನೊಮ್ಮೆ ನೋಡ್ತೀವಿ ಮೇಡಂ ಅನ್ನುತ್ತಿದ್ದರು. ಊಟ ಮಾಡಿದೆ. ಏನು ತಿಂದೆನೋ ಗೊತ್ತಿಲ್ಲ. ಮಧ್ಯಾಹ್ನ ದಾಟಿತು. ಆ ಏಳು ಮಂಚಗಳನ್ನು ನಾನು ಮುಟ್ಟಲಿಲ್ಲ.

ಮೂರು ಗಂಟೆಗೆ ಹೊಸ ತಂಡ ಬಂತು. ಏಳು ಜನ, ಹೆಗಲಿಗೆ ಚೀಲ. ನಾನು ಬ್ಯಾರಕ್ಕಿನ ಬಾಗಿಲಿಗೆ ಅಡ್ಡ ನಿಂತೆ.

“ಇಲ್ಲಿ ಜಾಗ ಇಲ್ಲ.”

“ನಮಗೆ ಇದೇ ನಂಬರ್ ಕೊಟ್ಟಿದಾರೆ ಕಾರ್ಪೊರಲ್.”

“ತಪ್ಪು ಕೊಟ್ಟಿದಾರೆ. ಇಲ್ಲಿ ಜನ ಇದಾರೆ. ಹೊರಗಡೆ ಹೋಗಿದಾರೆ, ಬರ್ತಾರೆ.”

ಅವರು ನನ್ನ ಬೆನ್ನ ಹಿಂದೆ ನೋಡಿದರು. ಹಾಸಿಗೆಗಳು ನಿನ್ನೆ ಬಿಟ್ಟುಹೋದ ಹಾಗೇ ಇದ್ದವು. ಪರ್ಕಿಸ್‌ನ ಚಪ್ಪಲಿ ಒಂದು ಇಲ್ಲಿ, ಒಂದು ಅಲ್ಲಿ. ಏಳೂ ಜನ ಚೀಲ ಇಳಿಸಿ ಹುಲ್ಲಿನ ಮೇಲೆ ಕುಳಿತರು. ನಾನು ಅಡ್ಡ ಹಿಡಿದ ಕೈ ಇಳಿಸಲಿಲ್ಲ.

ಪಿಮ್ ಬಂದರು. ಆ ವಯಸ್ಸಿನಲ್ಲಿ ಓಡಿ ಬಂದಿದ್ದರು. ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು.

“ಎನಿಡ್,” ಅಂದರು. ಆವರೆಗೆ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. “ಎಂ ವಿಮಾನದವರು ನೋಡಿದಾರೆ. ಪಕ್ಕದಲ್ಲೇ ಇದ್ರಂತೆ, ಅಕ್ಷರ ಓದೋ ಅಷ್ಟು ಹತ್ತಿರ. ಬೆಂಕಿ ಹತ್ತಿ, ರೆಕ್ಕೆ ಕಳಚ್ಕೊಳ್ತು.”

“ಪ್ಯಾರಾಚೂಟು?”

“ಒಂದೂ ಇಲ್ಲ.”

“ಯಾವಾಗ ಗೊತ್ತಾಯ್ತು ಸರ್?”

ಅವರು ನೆಲ ನೋಡಿದರು. “ಬೆಳಿಗ್ಗೆ ಆರಕ್ಕೆ.”

ಹಾಗಾದರೆ ನಾನು ಒಂದೊಂದೇ ನಂಬರು ತಿರುಗಿಸುವಾಗ ಅವರು ಎದುರಿಗೇ ಕುಳಿತು ಸುಮ್ಮನಿದ್ದರು. ಕೋಪ ಬರಬೇಕಿತ್ತು. ಕೋಪ ಬರಲಿಲ್ಲ, ದುಃಖವೂ ಬರಲಿಲ್ಲ. ಯಾರೋ ನನ್ನ ಕಿವಿಗೆ ಹತ್ತಿ ತುರುಕಿದ ಹಾಗಾಯಿತು. ನಾನು ಹೂಂ ಅಂದಿರಲಿಲ್ಲ. ಬಾಯಿ ಬಿಗಿದುಕೊಂಡು ಕಾದಿದ್ದೆ. ಹೂಂ ಅನ್ನದಿದ್ದರೆ ಬದುಕುತ್ತಾನೆ ಅಂತ ನನ್ನ ಲೆಕ್ಕವಲ್ಲವೇ?

“ಅವನದು ನಾನು ಮಾಡ್ತೀನಿ,” ಅಂದರು ಪಿಮ್. “ನೀನು ಹೋಗಿ ಮಲಗು.”

“ನಿಮಗೆ ಅಂಗಿ ಮಡಚೋಕೆ ಬರಲ್ಲ ಸರ್.”

ಏಳು ಪೆಟ್ಟಿಗೆ ಮಾಡಿದೆ. ಪೈಲಟ್ ಲಿಡೆಲ್‌ನದು ಮೊದಲು, ಕ್ಲಿಫ್‌ನದು ಕೊನೆಗೆ. ಕೈ ತಾನಾಗಿ ಕೆಲಸ ಮಾಡಿತು. ನಾನು ಅವನಿಗೆ ಬರೆದ ಹನ್ನೊಂದು ಚೀಟಿಗಳು ತಗಡಿನ ಡಬ್ಬಿಯಲ್ಲಿದ್ದವು. ಹೆಂಡತಿಯಲ್ಲದ ಹೆಣ್ಣಿನ ಪತ್ರ. ನಿಯಮದ ಪ್ರಕಾರ ಒಲೆಗೆ. ನಾನೇ ಹಾಕಿದೆ, ಉರಿದು ಮುಗಿಯುವವರೆಗೆ ನಿಂತು ನೋಡಿದೆ. ಆಮೇಲೆ ಪಟ್ಟಿ ಬರೆದೆ, ಸಹಿ ಮಾಡಿದೆ, ಹಗ್ಗ ಕಟ್ಟಿದೆ. ಆ ಪಟ್ಟಿಯಲ್ಲಿ ಏನು ಬರೆದೆ ಅಂತ ಕೇಳಿದ್ದರೆ ಮರುದಿನವೇ ಹೇಳಲಾಗುತ್ತಿರಲಿಲ್ಲ.

ಆಮೇಲಿನ ವಾರಗಳಲ್ಲಿ ನಾನು ತುಂಬ ಚೆನ್ನಾಗಿ ಕೆಲಸ ಮಾಡಿದೆ. ಮೇ ತಿಂಗಳಲ್ಲಿ ರೆಡ್ ಕ್ರಾಸ್ ಮೂಲಕ ಸುದ್ದಿ ಬಂತು. ಏಳು ಜನರನ್ನೂ ಜರ್ಮನಿಯ ಒಂದು ಹಳ್ಳಿಯ ಚರ್ಚಿನ ಹಿಂದೆ ಹೂಳಲಾಗಿದೆ. ನಾನು ಅದರ ಪ್ರತಿಗೆ ನಂಬರು ಹಾಕಿ ಕಡತಕ್ಕೆ ಸೇರಿಸಿ, ಟೀ ಮಾಡಲು ಎದ್ದೆ. ಅಳು ಬರಲಿಲ್ಲ. ನನ್ನಲ್ಲಿ ಏನೋ ಕೆಟ್ಟುಹೋಗಿದೆ ಅನ್ನಿಸಿ ಹೆದರಿಕೆಯಾಗುತ್ತಿತ್ತು. ಯಾರಿಗೆ ಹೇಳುವುದು? ನಾನು ಅವನಿಗೆ ಏನೂ ಆಗಿರಲಿಲ್ಲ. ಈಗ ಬೇಡ ಅಂದವಳು ನಾನೇ.

ಜೂನ್ ಕೊನೆಯಲ್ಲಿ, ಮಧ್ಯಾಹ್ನ ಎರಡರ ಹೊತ್ತಿಗೆ, ಗೇಟಿನ ಕಾವಲಿನವನು ಒಬ್ಬ ಹೆಂಗಸನ್ನು ಕರೆತಂದ. ಐವತ್ತರ ಆಸುಪಾಸು, ಕಪ್ಪು ಕೋಟು, ಆ ಸೆಖೆಯಲ್ಲೂ ಕತ್ತಿನವರೆಗೆ ಗುಂಡಿ. ಫೋಟೋದಲ್ಲಿ ನೋಡಿದ ಮುಖ, ಈಗ ಅರ್ಧಕ್ಕಿಳಿದಿತ್ತು.

“ನಾನು ಕ್ಲಿಫ್ ಆರ್ಮಿಟೇಜ್ ತಾಯಿ. ಹಡರ್ಸ್‌ಫೀಲ್ಡಿಂದ ಬಂದೆ. ಮೂರು ರೈಲು ಬದಲಾಯಿಸ್ದೆ,” ಅಂದರು, ಜಗಳಕ್ಕೆ ಬಂದವರ ದನಿಯಲ್ಲಿ. ಚೀಲದಿಂದ, ಮಗನ ಪೆಟ್ಟಿಗೆಯ ಜೊತೆ ಬಂದಿದ್ದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು. “ಇದು ಯಾರ ಕೈಬರಹ?”

ಪಿಮ್ ಎದ್ದು ಕುರ್ಚಿ ಎಳೆದರು. ಆ ತಾಯಿ ಕೂರಲಿಲ್ಲ.

“ನಂದು,” ಅಂದೆ.

“ಹಾಗಾದ್ರೆ ಇದನ್ನ ಓದು. ಹದಿನಾರನೇ ಸಾಲು.”

ಓದಿದೆ. ‘ಕೈಗವಸು, ಉಣ್ಣೆಯದು, ಹೆಂಗಸರದು, ಒಂದು.’ ನನ್ನದೇ ದುಂಡು ಅಕ್ಷರ. ಫೆಬ್ರವರಿಯಲ್ಲಿ ನನ್ನ ಎಡಗೈಯ ಕೈಗವಸು ಕಳೆದಿತ್ತು, ಕ್ಯಾಂಟೀನಿನವರನ್ನೆಲ್ಲಾ ಬೈದಿದ್ದೆ. ಅವನು ಕದ್ದಿದ್ದ. ಅವತ್ತು ನಾನು ಅದನ್ನು ಕೈಯಲ್ಲಿ ಹಿಡಿದಿದ್ದೆ, ಏನೆಂದು ಬರೆದಿದ್ದೆ, ಮಡಚಿ ಪೆಟ್ಟಿಗೆಗೆ ಹಾಕಿದ್ದೆ. ನನಗೆ ಅದು ಕಂಡೇ ಇರಲಿಲ್ಲ.

“ಕ್ಷಮಿಸಿ,” ಅಂದರು ಪಿಮ್. “ಬೇರೆಯವರ ಸಾಮಾನು ಬೆರೆತುಹೋಗಿರಬೇಕು. ಇಲ್ಲಿ ಒಮ್ಮೊಮ್ಮೆ...”

“ಬೆರೆತಿದ್ರೆ ಬೆರೆಯಲಿ, ಸುಮ್ನಿರಿ ನೀವು.” ಅವರು ನನ್ನನ್ನೇ ನೋಡುತ್ತಿದ್ದರು. “ಫೆಬ್ರವರಿಯಲ್ಲಿ ನನ್ನ ಮಗ ಕಾಗದ ಬರೆದಿದ್ದ. ಅಮ್ಮ, ಹುಡುಗಿ ಸಿಕ್ಕಿದಾಳೆ, ಒಪ್ಪಿದಾಳೆ, ಮೂವತ್ತು ಮುಗಿದ ಮೇಲೆ ಕರ್ಕೊಂಡ್ ಬರ್ತೀನಿ ಅಂತ. ಹೆಸರು ಬರೀಲಿಲ್ಲ. ಬರೆದ್ರೆ ಮಿಲ್ಲಲ್ಲೆಲ್ಲಾ ಸಾರ್ತೀಯ ಅಂದ. ಸಾರ್ತಿದ್ದೆ ಅನ್ನು. ಆಮೇಲೆ ಪೆಟ್ಟಿಗೆ ಬಂತು. ಅದರಲ್ಲಿ ಹುಡುಗೀದು ಒಂದು ಕಾಗದ ಇಲ್ಲ, ಒಂದು ಫೋಟೋ ಇಲ್ಲ, ಏನೂ ಇಲ್ಲ. ನನ್ನ ಸಂತೋಷಕ್ಕೆ ಹುಟ್ಟಿಸ್ಕೊಂಡು ಬರೆದ್ನೇನೋ ಅಂತ ಒಂದು ತಿಂಗಳು ನಿದ್ದೆ ಮಾಡಿಲ್ಲ. ನನ್ನ ಮಗ ಯಾರೂ ಇಲ್ದೇ ಹೋದ್ನಾ ಅಂತ. ಆಮೇಲೆ ಕಾಲುಚೀಲಗಳ ನಡುವೆ ಆ ಕೈಗವಸು ಸಿಕ್ತು, ಪಟ್ಟೀಲಿ ಹುಡುಕ್ದೆ.”

ಪಿಮ್ ಅವರ ಮುಖ ಬಿಳಿಚಿತು. ಇಷ್ಟು ದಿನ ನಾವು ದಯೆ ಅಂದುಕೊಂಡು ಎಷ್ಟು ಮನೆಗಳ ಪೆಟ್ಟಿಗೆಯಿಂದ ಏನೇನು ತೆಗೆದಿದ್ದೆವೋ. ಅವರು ಒಲೆಯ ಕಡೆ ನೋಡಿದರು, ತಕ್ಷಣ ಕಣ್ಣು ತೆಗೆದರು. ಆಮೇಲೆ ಸದ್ದಿಲ್ಲದೆ ಹೊರಗೆ ಹೋಗಿ ಬಾಗಿಲೆಳೆದುಕೊಂಡರು.

“ಆ ಕೈಗವಸು ನನ್ನದು,” ಅಂದೆ. “ಎನಿಡ್ ನನ್ನ ಹೆಸರು.”

ಅವರು ಬಹಳ ಹೊತ್ತು ನೋಡಿದರು, ಬಟ್ಟೆ ಕೊಳ್ಳುವವರು ನೇಯ್ಗೆ ನೋಡುವ ಹಾಗೆ. “ಅವನು ಕೇಳಿದ್ನಾ ನಿನ್ನ?”

“ಕೇಳಿದ.”

“ನೀನೇನಂದೆ?”

ಇಲ್ಲಿ ಒಂದು ಸಣ್ಣ ಸುಳ್ಳು ಸಾಕಿತ್ತು. ಅಂಥ ಸುಳ್ಳಿಗೇ ನನಗೆ ಸಂಬಳ ಕೊಡುತ್ತಿದ್ದರು. ಆದರೆ ಅವನ ತಾಯಿಯ ಕಣ್ಣೆದುರಿಗೆ ನನಗೆ ಅದು ಬರಲಿಲ್ಲ.

“ಏನೂ ಅನ್ನಲಿಲ್ಲ. ಮೂವತ್ತು ಮುಗೀಲಿ ಅಂದೆ. ಹೂಂ ಅಂದ್ರೆ ಅವನಿಗೆ ಏನಾದ್ರೂ ಆಗುತ್ತೆ ಅಂತ ಭಯ ಆಯ್ತು.”

ಅವರ ಬಾಯಿ ಅಲುಗಿತು. ಹೊಡೆಯುತ್ತಾರೇನೋ ಅಂದುಕೊಂಡೆ. ಹೊಡೆದಿದ್ದರೂ ಸರಿ ಅನ್ನಿಸಿತು.

“ಹಾಗಾದ್ರೆ ನನ್ನ ಮಗ ನಂಗೆ ಸುಳ್ಳು ಬರೆದ್ನಾ?”

ನಾನು ಅವರನ್ನು ನೋಡಿದೆ. ಆಲಿಕಲ್ಲು ಬೀಳುವಾಗ ಟೋಪಿ ತೆಗೆದು ನಿಂತಿದ್ದವನು ಬ್ಯಾರಕ್ಕಿಗೆ ಹೋಗಿ ಅಮ್ಮನಿಗೆ ಕಾಗದ ಬರೆದಿದ್ದಾನೆ. ಒಂದು ಕ್ಷಣವೂ ಅನುಮಾನವಿಲ್ಲದೆ ಬರೆದಿದ್ದಾನೆ. ನಾನು ಹೇಳದ್ದನ್ನು ಅವನು ಪೂರ್ತಿ ಕೇಳಿಸಿಕೊಂಡು ಹೋಗಿದ್ದಾನೆ.

“ಇಲ್ಲಮ್ಮ,” ಅಂದೆ. “ಸುಳ್ಳು ಬರೆದಿಲ್ಲ. ನಾನು ಒಪ್ಪಿದ್ದೆ.”

ಅವರು ಕತ್ತಿನ ಗುಂಡಿ ಬಿಚ್ಚಿದರು, ಉಸಿರು ಬಿಟ್ಟರು. ಪಿಮ್ ಎಳೆದಿಟ್ಟ ಕುರ್ಚಿಯನ್ನು ನನ್ನ ಹಿಂದೆ ತಂದು ನನ್ನ ಹೆಗಲನ್ನು ಒತ್ತಿ ಕೂರಿಸಿದರು.

“ನಂಗೆ ಎರಡು ಟೆಲಿಗ್ರಾಂ ಬಂತು. ಪಾದ್ರಿ ಬಂದ್ರು, ಪಕ್ಕದ ಮನೆಯವರು ಬಂದ್ರು. ನಿಂಗೆ ಯಾರು ಬಂದು ಹೇಳಿದ್ರು?”

“ನಾನೇ ಕಡತಕ್ಕೆ ಹಾಕಿದೆ.”

“ಅದನ್ನ ಕೇಳ್ತಿಲ್ಲ. ಯಾರಾದ್ರೂ ನಿನ್ನ ಹೀಗೆ ಕೂರಿಸ್ಕೊಂಡು ಹೇಳಿದ್ರಾ?”

ಇಲ್ಲ ಅಂತ ತಲೆಯಾಡಿಸಿದೆ.

ಅವರು ನೆಲಕ್ಕೆ ಮಂಡಿಯೂರಿ ನನ್ನ ಎರಡೂ ಕೈ ಹಿಡಿದುಕೊಂಡರು. ಮಿಲ್ಲಿನಲ್ಲಿ ದುಡಿದು ಒರಟಾದ ಕೈಗಳು.

“ಕ್ಲಿಫ್ ಹೋಗ್ಬಿಟ್ಟ, ಮಗಳೇ,” ಅಂದರು. “ನಮ್ಮ ಕ್ಲಿಫ್ ಇನ್ನು ಬರೋದಿಲ್ಲ.”

ಮೂರು ತಿಂಗಳಾಗಿತ್ತು. ಆ ಮಾತನ್ನು ನಾನು ಆಗಷ್ಟೇ ಕೇಳಿದೆ. ಅವರ ಕಪ್ಪು ಕೋಟಿನ ಹೆಗಲಿಗೆ ಮುಖವೊತ್ತಿ, ಆ ಆಫೀಸು, ಆ ನೆಲೆ ಎಲ್ಲಾ ಕೇಳುವ ಹಾಗೆ ಅತ್ತೆ. ಅವರೂ ಅತ್ತರು. ನಾಲ್ಕು ಗಂಟೆಯ ರೈಲು ಅವರಿಗೆ ತಪ್ಪಿಹೋಯಿತು.